ಚಿತ್ರ ತೊಳೆಯುವ ವಿದ್ಯೆ

ಕನ್ನಡಿಗರು ಕ್ಯಾಮೆರಾದಿಂದ ಚಿತ್ರವನ್ನು 'ತೆಗೆಯುತ್ತಾರೆ'. ಆಮೇಲೆ ಅದನ್ನು 'ತೊಳೆಸುತ್ತಾರೆ'. ಫಿಲಂ ರೀಲಿನ ಕಾಲದಲ್ಲಿ ಮದುವೆ ಕಳೆದ ಮನೆಗೆ ಬಂದ ನೆಂಟರು ಕೇಳುತ್ತಿದ್ದ ಪ್ರಶ್ನೆ, "ಫೋಟೋ ತೊಳೆಸಿದಿರಾ?" ಎಂಬುದು. ಶಾಸ್ತ್ರದ ಕಣ್ಣಿನಿಂದ ನೋಡಿದರೆ ಈ ಮಾತು ಅರ್ಧ ಸತ್ಯ. ಫಿಲಮ್ಮು ಮೊದಲು ಚಿತ್ರವನ್ನು ಹೊರತರುವ ದ್ರಾವಣದಲ್ಲಿ ಮುಳುಗುತ್ತದೆ. ಬಳಿಕ ಆ ಕ್ರಿಯೆಯನ್ನು ತಡೆಯುವ ಹುಳಿನೀರಿನಲ್ಲಿ. ಬಳಿಕ ಚಿತ್ರವನ್ನು ನೆಲೆಗೊಳಿಸುವ ಹೈಪೋ ದ್ರಾವಣದಲ್ಲಿ. ಎಲ್ಲಕ್ಕೂ ಕೊನೆಗೆ ಬರಿಯ ನೀರಿನಲ್ಲಿ. ಈ ನಾಲ್ಕರಲ್ಲಿ ಚಮತ್ಕಾರಕ್ಕೆ ಎಡೆಯಿಲ್ಲದ, ಬೇಸರ ತರುವ ಕೆಲಸ ಕೊನೆಯದು. ಆದರೂ ನಮ್ಮ ಜನ ಇಡೀ ವಿದ್ಯೆಗೆ ಆ ಕೊನೆಯ ಕೆಲಸದ ಹೆಸರನ್ನೇ ಇಟ್ಟರು. ಅವರು ಇಟ್ಟ ಹೆಸರು ಸರಿಯಾದದ್ದೇ ಎಂಬುದು ನನ್ನ ಇಂದಿನ ಮಾತಿನ ತಿರುಳು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಸೀಮೆಯಲ್ಲಿ ಮನೆಯೊಳಗೇ ಕಪ್ಪು-ಬಿಳುಪು ಚಿತ್ರ ಮಾಡಬಯಸುವ ಹವ್ಯಾಸಿಯನ್ನು ಎದುರಿಗಿಟ್ಟುಕೊಂಡು ಈ ಮಾತನ್ನು ವಿವರಿಸುತ್ತೇನೆ.

ಮೊದಲು ಫಿಲಮ್ಮಿನಲ್ಲಿ ಏನಿದೆ ಎಂಬುದನ್ನು ನೋಡೋಣ. ತೆಳುವಾದ ಹಾಳೆಯ ಮೇಲೆ ಜೆಲಟಿನ್ನಿನ ಲೇಪ. ಆ ಲೇಪದೊಳಗೆ ಬೆಳ್ಳಿಯ ಲವಣಗಳ ಅತಿ ಸಣ್ಣ ಹರಳುಗಳು. ಜೆಲಟಿನ್ ಎಂದರೆ ಪ್ರಾಣಿಗಳ ಮೂಳೆ ತೊಗಲುಗಳಿಂದ ತೆಗೆದ ಒಂದು ಬಗೆಯ ಅಂಟು. ಬೆಳಕು ತಾಗಿದ ಹರಳಿನಲ್ಲಿ ಬೆಳ್ಳಿಯ ಕೆಲವೇ ಪರಮಾಣುಗಳು ಬಿಡುಗಡೆಯಾಗುತ್ತವೆ. ಈ ಬದಲಾವಣೆ ಕಣ್ಣಿಗೆ ಕಾಣುವಂಥದಲ್ಲ. ಆದರೆ ಡೆವಲಪರ್ ದ್ರಾವಣಕ್ಕೆ ಅದು ಗೊತ್ತಾಗುತ್ತದೆ. ಬೆಳಕು ಕಂಡ ಹರಳನ್ನು ಹುಡುಕಿ ಅದು ಪೂರ್ತಿಯಾಗಿ ಬೆಳ್ಳಿಯಾಗಿ ಮಾರ್ಪಡಿಸುತ್ತದೆ; ಬೆಳಕು ಕಾಣದ್ದನ್ನು ಹಾಗೆಯೇ ಬಿಡುತ್ತದೆ. ಹೀಗೆ ಸೂಕ್ಷ್ಮ ಕಣಗಳಾಗಿ ಉಳಿದ ಬೆಳ್ಳಿ ಹೊಳೆಯುವುದಿಲ್ಲ, ಕಪ್ಪಾಗಿ ಕಾಣುತ್ತದೆ. ಕಪ್ಪು-ಬಿಳುಪು ಚಿತ್ರದ ಕಪ್ಪೆಲ್ಲ ಬೆಳ್ಳಿಯೇ.

ಉಳಿದುಹೋದ, ಬೆಳಕು ಕಾಣದ ಲವಣದ ಗತಿಯೇನು? ಅದು ಅಲ್ಲೇ ಇದ್ದರೆ ಹೊರಗೆ ತಂದೊಡನೆ ನಿಧಾನವಾಗಿ ಕಪ್ಪಾಗಿ ಚಿತ್ರವನ್ನು ನುಂಗಿಬಿಡುತ್ತದೆ. ಛಾಯಾಗ್ರಹಣದ ಮೊದಲಿಗರನ್ನು ಕಾಡಿದ ಸಮಸ್ಯೆ ಇದೇ. ಚಿತ್ರ ಮೂಡಿಸುವುದು ಅವರಿಗೆ ತಿಳಿದಿತ್ತು, ಉಳಿಸುವುದು ತಿಳಿದಿರಲಿಲ್ಲ. ಬೀಗ ತೆರೆದವರು ಖಗೋಳಜ್ಞ ಜಾನ್ ಹರ್ಷೆಲ್. ಬೆಳ್ಳಿಯ ಲವಣಗಳನ್ನು ಕರಗಿಸಬಲ್ಲ, ಇಂದು ನಾವು ಹೈಪೋ ಎಂದು ಕರೆಯುವ ವಸ್ತುವಿನ ಗುಣವನ್ನು ಅವರು 1819ರಲ್ಲೇ ಕಂಡುಕೊಂಡಿದ್ದರು. 1839ರಲ್ಲಿ ಅದನ್ನು ಛಾಯಾಚಿತ್ರಕ್ಕೆ ಅನ್ವಯಿಸಿದರು. 'ನೆಗೆಟಿವ್', 'ಪಾಸಿಟಿವ್' ಎಂಬ ಪದಗಳನ್ನು ಈ ವಿದ್ಯೆಗೆ ತಂದವರೂ ಅವರೇ. ಛಾಯಾಗ್ರಹಣ ನಿಜವಾಗಿ ಹುಟ್ಟಿದ್ದು ಚಿತ್ರ ಮೂಡಿದಾಗಲ್ಲ, ಮೂಡಿದ್ದು ನಿಂತಾಗ ಎಂದರೆ ತಪ್ಪಾಗಲಾರದು.

ಇನ್ನು ನಮ್ಮ ಸೀಮೆಗೆ ಬರೋಣ. ಕಪ್ಪು-ಬಿಳುಪಿನಲ್ಲಿ ನೋಡುವ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ದೊರೆಯುವುದು ಕಷ್ಟ. ಮಾಗಡಿಯ ಬಳಿ ನಿಂತಿರುವ ಸಾವನದುರ್ಗ ಎರಡು ಗುಡ್ಡಗಳ ಕೂಟ. ಊರವರು ಒಂದನ್ನು ಕರಿಗುಡ್ಡವೆಂದೂ ಇನ್ನೊಂದನ್ನು ಬಿಳಿಗುಡ್ಡವೆಂದೂ ಕರೆಯುತ್ತಾರೆ. ಕ್ಯಾಮೆರಾ ಹಿಡಿದು ಅಲ್ಲಿಗೆ ಹೋದವನಿಗೆ ಕರಿಗುಡ್ಡದಲ್ಲಿ ಬಿಳುಪೂ ಬಿಳಿಗುಡ್ಡದಲ್ಲಿ ಕಪ್ಪೂ ಕಾಣಸಿಗುತ್ತವೆ. ಮಳೆನೀರು ಇಳಿದ ಜಾಡು, ಒಣಗಿದ ಪಾಚಿ, ಬಂಡೆಯ ಸೀಳಿನಲ್ಲಿ ನಿಂತ ನೆರಳು, ಇವೆಲ್ಲ ಒಂದಕ್ಕೊಂದು ಹತ್ತಿರದ ಬೂದುಬಣ್ಣಗಳು. ಕಪ್ಪು-ಬಿಳುಪು ಎಂಬ ಹೆಸರಿದ್ದರೂ ಈ ಕಲೆಯ ಜೀವಾಳ ನಡುವಣ ಬೂದಿಯಲ್ಲಿದೆ. ರಾಮನಗರದ ರಾಮದೇವರ ಬೆಟ್ಟದಲ್ಲಿ ಕಡಿಬಂಡೆಯ ಮೇಲಿಂದ ಕೆಳಕ್ಕೆ ಇಳಿದ ಬಿಳಿಯ ಗೆರೆಗಳು ರಣಹದ್ದುಗಳು ಕೂರುವ ತಾಣಗಳನ್ನು ತೋರಿಸುತ್ತವೆ. 2012ರಲ್ಲಿ ರಣಹದ್ದುಗಳ ರಕ್ಷಿತ ಧಾಮವೆಂದು ಘೋಷಿತವಾದ ಬೆಟ್ಟವದು. ಹಿಕ್ಕೆಯ ಆ ಗೆರೆಗಳನ್ನು ಬಣ್ಣದ ಚಿತ್ರದಲ್ಲಿ ಕಣ್ಣು ಗಮನಿಸದೆ ದಾಟಿಹೋದೀತು. ಬಣ್ಣ ಕಳಚಿದ ಚಿತ್ರದಲ್ಲಿ ಮೊದಲು ಕಾಣುವುದೇ ಅವು.

ಬಣ್ಣ ಕಳಚಿದಾಗ ಮೋಸವೂ ಉಂಟು. ಚನ್ನಪಟ್ಟಣದ ಬೊಂಬೆಗಳನ್ನೇ ತೆಗೆದುಕೊಳ್ಳಿ. ಬಿಳಿಯ ಆಲೆ ಮರದ ತುಂಡನ್ನು ಚರಕಿಗೆ ಕಟ್ಟಿ ತಿರುಗಿಸುತ್ತ, ಉಜ್ಜಿದ ಬಿಸಿಗೆ ಕರಗುವ ಅರಗಿನ ಕಡ್ಡಿಯಿಂದ ಬಣ್ಣ ಕೂರಿಸುತ್ತಾರೆ. ಕೆಂಪು ಕುದುರೆ, ಹಸಿರು ಗಿಳಿ ಅಕ್ಕಪಕ್ಕ ಕೂತರೆ ಕಣ್ಣಿಗೆ ಹಬ್ಬ. ಆದರೆ ಕಪ್ಪು-ಬಿಳುಪಿನ ಫಿಲಮ್ಮಿಗೆ ಆ ಕೆಂಪೂ ಆ ಹಸಿರೂ ಹೆಚ್ಚುಕಡಮೆ ಒಂದೇ ಬೂದಿಯಾಗಿ ಕಾಣಬಹುದು. ಮಸೂರದ ಮುಂದೆ ಕೆಂಪು ಗಾಜಿನ ಫಿಲ್ಟರ್ ಇಟ್ಟರೆ ಕುದುರೆ ಬೆಳ್ಳಗಾಗುತ್ತದೆ, ಗಿಳಿ ಕಪ್ಪಾಗುತ್ತದೆ. ಹಸಿರು ಗಾಜಿಟ್ಟರೆ ಇದಕ್ಕೆ ವಿರುದ್ಧ. ಹಳದಿ ಫಿಲ್ಟರ್ ನೀಲಿ ಆಕಾಶವನ್ನು ತುಸು ಕಪ್ಪಾಗಿಸಿ ಮೋಡವನ್ನು ಎದ್ದು ಕಾಣಿಸುತ್ತದೆ. ಹೀಗೆ ಬಣ್ಣವನ್ನು ಬೆಳಕಿನ ಪ್ರಮಾಣವಾಗಿ ಓದಲು ಕಲಿತವನು ಅರ್ಧ ಛಾಯಾಗ್ರಾಹಕನಾದಂತೆಯೇ.

ಉಳಿದರ್ಧ ಮನೆಯೊಳಗಿನದು. ಕತ್ತಲೆಕೋಣೆ ಎಂದರೆ ಬೇರೆ ಕಟ್ಟಡ ಬೇಕಿಲ್ಲ. ರಾತ್ರಿಯ ಹೊತ್ತು ಬಚ್ಚಲಮನೆಯೋ ಉಗ್ರಾಣವೋ ಸಾಕು. ಕಿಟಕಿಗೆ ಕಪ್ಪು ಬಟ್ಟೆಯನ್ನು ಎರಡು ಮಡಿಕೆಯಾಗಿ ಕಟ್ಟಿ, ಬಾಗಿಲಿನ ಸಂದಿಗೆ ಕಂಬಳಿ ತುರುಕಿ, ಒಳಗೆ ಐದು ನಿಮಿಷ ಸುಮ್ಮನೆ ಕೂತು ನೋಡಬೇಕು. ಕಣ್ಣು ಕತ್ತಲೆಗೆ ಹೊಂದಿದ ಮೇಲೂ ಎಲ್ಲಿಯೂ ಬೆಳಕಿನ ಎಳೆ ಕಾಣದಿದ್ದರೆ ಕೋಣೆ ಸಿದ್ಧ. ಫಿಲಮ್ಮನ್ನು ಸುರುಳಿಗೆ ಏರಿಸಿ ಡಬ್ಬಿಗೆ ಹಾಕುವಾಗ ಯಾವ ದೀಪವೂ ಕೂಡದು. ಹಾಳಾದ ರೀಲೊಂದರಿಂದ ಹಗಲಿನಲ್ಲೇ ಹತ್ತಾರು ಸಲ ಅಭ್ಯಾಸ ಮಾಡಿ ಬೆರಳುಗಳಿಗೆ ದಾರಿ ಕಲಿಸಿರಬೇಕು. ಡಬ್ಬಿಯ ಮುಚ್ಚಳ ಬಿದ್ದಮೇಲೆ ದೀಪ ಹಾಕಬಹುದು. ಚಿತ್ರ ಮುದ್ರಿಸುವ ಕಾಗದಕ್ಕಾದರೆ ಕೆಂಪು ದೀಪ ಸಲ್ಲುತ್ತದೆ. ದೇವರ ಮನೆಯಲ್ಲಿ ಉರಿಯುವ ಕೆಂಪು ಜೀರೋ ಬಲ್ಬನ್ನು ನಾಲ್ಕಡಿ ದೂರದಲ್ಲಿಟ್ಟರೆ ಸಾಕಾದೀತು. ಆದರೆ ಪರೀಕ್ಷಿಸದೆ ನಂಬಬಾರದು. ಕಾಗದದ ಚೂರಿನ ಮೇಲೆ ನಾಣ್ಯವಿಟ್ಟು ಆ ದೀಪದಡಿ ಐದು ನಿಮಿಷ ಬಿಟ್ಟು ಡೆವಲಪ್ ಮಾಡಿದಾಗ ನಾಣ್ಯದ ಗುರುತು ಮೂಡಿದರೆ, ಆ ದೀಪ ಕೆಲಸಕ್ಕೆ ಬಾರದು.

ಡೆವಲಪರನ್ನು ಕೊಳ್ಳಬಹುದು, ಮನೆಯಲ್ಲಿ ಕೂಡಿಸಿಕೊಳ್ಳಲೂಬಹುದು. ಕೊಡಕ್ ಕಂಪನಿಯ ಡಿ-76 ಎಂಬ ಪಾಕ ಸುಮಾರು ನೂರು ವರ್ಷ ಹಳೆಯದು, ಇಂದಿಗೂ ಬಳಕೆಯಲ್ಲಿದೆ. ಒಂದು ಲೀಟರ್ ದ್ರಾವಣಕ್ಕೆ ಮೆಟಾಲ್ 2 ಗ್ರಾಂ, ಸೋಡಿಯಂ ಸಲ್ಫೈಟ್ 100 ಗ್ರಾಂ, ಹೈಡ್ರೋಕ್ವಿನೋನ್ 5 ಗ್ರಾಂ, ಬೋರಾಕ್ಸ್ 2 ಗ್ರಾಂ. ಮುಕ್ಕಾಲು ಲೀಟರ್ ಬಿಸಿನೀರಿನಲ್ಲಿ ಇದೇ ಅನುಕ್ರಮದಲ್ಲಿ ಒಂದೊಂದನ್ನೇ ಕರಗಿಸಿ, ಕೊನೆಗೆ ನೀರು ಸೇರಿಸಿ ಲೀಟರ್ ತುಂಬಿಸಬೇಕು. ಸಲ್ಫೈಟ್ ಮೊದಲು ಬಿದ್ದರೆ ಮೆಟಾಲ್ ಸರಿಯಾಗಿ ಕರಗುವುದಿಲ್ಲ. ಮೆಟಾಲ್ ಕೆಲವರ ಚರ್ಮಕ್ಕೆ ಆಗದು; ಆದ್ದರಿಂದ ಕೈಯದ್ದದೆ ಚಿಮುಟ ಬಳಸುವುದು ಮೇಲು. ತಡೆಯುವ ಹುಳಿಗೆ ಅಡಿಗೆಮನೆಯ ವಿನಿಗರನ್ನು ಮೂರರಷ್ಟು ನೀರಿಗೆ ಬೆರೆಸಿದರಾಯಿತು. ಹೈಪೋ ಲೀಟರಿಗೆ 250 ಗ್ರಾಂ.

ಪುಸ್ತಕಗಳೆಲ್ಲ ಡೆವಲಪರಿನ ಶಾಖ 20 ಡಿಗ್ರಿ ಇರಲಿ ಎನ್ನುತ್ತವೆ. ನಮ್ಮ ಕಡೆ ಏಪ್ರಿಲ್ ತಿಂಗಳಲ್ಲಿ ಮಧ್ಯರಾತ್ರಿಯ ಕೊಡದ ನೀರೂ ಅಷ್ಟು ತಂಪಾಗಿರದು. ಶಾಖ ಏರಿದಷ್ಟೂ ದ್ರಾವಣದ ಕೆಲಸ ಚುರುಕು. 20 ಡಿಗ್ರಿಯಲ್ಲಿ ಹತ್ತು ನಿಮಿಷ ಬೇಡುವ ಫಿಲಮ್ಮಿಗೆ 24 ಡಿಗ್ರಿಯಲ್ಲಿ ಸುಮಾರು ಏಳು ನಿಮಿಷ ಸಾಕು. ಅದಕ್ಕೂ ಮೇಲೇರಿದರೆ ಜೆಲಟಿನ್ನಿನ ಲೇಪವೇ ಮೆತ್ತಗಾಗಿ ಉಬ್ಬಿಕೊಳ್ಳುತ್ತದೆ. ರಾಮನಗರದವರಿಗೆ ಇದನ್ನು ಹೆಚ್ಚು ಹೇಳಬೇಕಾಗಿಲ್ಲ. ರೇಷ್ಮೆ ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿದಾಗ ಎಳೆಗಳನ್ನು ಹಿಡಿದಿಟ್ಟ ಅಂಟು ಸಡಿಲುವುದನ್ನೂ, ಬೇಯುವುದು ಹೆಚ್ಚಾದರೆ ನೂಲು ಕೆಡುವುದನ್ನೂ ನೂಲು ಬಿಚ್ಚುವವರು ದಿನವೂ ಕಾಣುತ್ತಾರೆ. ಆ ಅಂಟೂ ಜೆಲಟಿನ್ನೂ ಪ್ರೋಟೀನಿನ ಜಾತಿಯವೇ. ಗೂಡಿನ ವಿಷಯದಲ್ಲಿ ಸಡಿಲುವುದು ಬೇಕು, ಫಿಲಮ್ಮಿನಲ್ಲಿ ಬೇಡ, ಅಷ್ಟೇ ಅಂತರ. ದ್ರಾವಣದ ಸೀಸೆಯನ್ನು ಮಂಜುಗಡ್ಡೆ ಹಾಕಿದ ಬೋಗುಣಿಯಲ್ಲಿ ನಿಲ್ಲಿಸಿ ತಣಿಸುವುದು ಸುಲಭದ ಉಪಾಯ. ಮಂಜುಗಡ್ಡೆಯನ್ನು ದ್ರಾವಣದೊಳಕ್ಕೇ ಹಾಕಿದರೆ ಅದು ಕರಗಿ ದ್ರಾವಣ ತೆಳುವಾಗುತ್ತದೆ.

ನೆಗೆಟಿವ್ ಒಣಗಿದ ಮೇಲೆ ಮುದ್ರಣ. 120 ಅಳತೆಯ ಫಿಲಮ್ಮಿನ ನೆಗೆಟಿವಾದರೆ ಕಾಗದದ ಮೇಲೆ ಅದನ್ನಿಟ್ಟು ಗಾಜು ಒತ್ತಿ, ಕ್ಷಣ ಹೊತ್ತು ದೀಪ ಬೆಳಗಿದರೂ ಅಂಗೈಯಗಲದ ಚೆಲುವಾದ ಚಿತ್ರ ಬರುತ್ತದೆ. ಹಿಂದೆ ಬರೋಡದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ 3 ಕ್ಯಾಮೆರಾದಿಂದ ಹನ್ನೆರಡು ಚಿತ್ರಗಳ ರೀಲು ತೆಗೆದವರ ಮನೆಗಳಲ್ಲಿ ಅಂಥ ನೆಗೆಟಿವುಗಳು ಇನ್ನೂ ಇರಬಹುದು. ದೊಡ್ಡ ಚಿತ್ರಕ್ಕೆ ಎನ್‌ಲಾರ್ಜರ್ ಬೇಕು. ಒಂದೇ ಕಾಗದದ ಪಟ್ಟಿಯ ಮೇಲೆ ಮೂರು ಮೂರು ಸೆಕೆಂಡುಗಳ ಮೆಟ್ಟಿಲುಗಳಾಗಿ ಬೆಳಕು ಬಿಟ್ಟು, ಯಾವ ಮೆಟ್ಟಿಲು ಸರಿಯೆಂದು ನೋಡಿ, ಆಮೇಲೆ ಪೂರ್ಣ ಕಾಗದಕ್ಕೆ ಕೈ ಹಾಕಬೇಕು. ಇಲ್ಲಿ ವಿದ್ಯುತ್ತಿನ ಕಾಟವೊಂದುಂಟು. ವೋಲ್ಟೇಜ್ ತುಸು ಕುಸಿದರೂ ಬಲ್ಬಿನ ಬೆಳಕು ಅದಕ್ಕಿಂತ ಬಹಳ ಹೆಚ್ಚು ಕುಸಿಯುತ್ತದೆ. ಸಂಜೆಯ ಲೆಕ್ಕ ನಡುರಾತ್ರಿಗೆ ಹೊಂದದು. ಸ್ಟೆಬಿಲೈಜರ್ ಇದ್ದರೆ ಒಳಿತು. ಇಲ್ಲದವರು ಪರೀಕ್ಷೆಯ ಪಟ್ಟಿಯನ್ನೂ ಚಿತ್ರವನ್ನೂ ಬೆನ್ನುಬೆನ್ನಿಗೆ ಮಾಡಿ ಮುಗಿಸಬೇಕು.

ಒಂದೇ ನೆಗೆಟಿವಿನಿಂದ ಇಬ್ಬರು ಮುದ್ರಿಸಿದ ಚಿತ್ರಗಳು ಒಂದೇ ಆಗಿರುವುದಿಲ್ಲ. ಸಾವನದುರ್ಗದ ನೆತ್ತಿಯ ಆಕಾಶ ಬರಿದಾಗಿದ್ದರೆ ಅಲ್ಲಿಗೆ ಇನ್ನಷ್ಟು ಹೊತ್ತು ಬೆಳಕು ಕೊಟ್ಟು ಗಾಢಗೊಳಿಸಬಹುದು. ಕಣಿವೆಯ ನೆರಳು ಮಸಿಯಾಗುವಂತಿದ್ದರೆ ಅಂಗೈಯನ್ನು ಬೆಳಕಿನ ದಾರಿಗೆ ಅಡ್ಡ ಆಡಿಸಿ ಅದನ್ನು ತಿಳಿಗೊಳಿಸಬಹುದು. ಅಮೆರಿಕದ ಆನ್ಸೆಲ್ ಆಡಮ್ಸ್ ಪಿಯಾನೋ ಕಲಿತಿದ್ದವರು; ನೆಗೆಟಿವನ್ನು ಸ್ವರಲಿಪಿಗೂ ಮುದ್ರಣವನ್ನು ವಾದನಕ್ಕೂ ಅವರು ಹೋಲಿಸುತ್ತಿದ್ದರು. ನಮಗೆ ಗಮಕದ ಹೋಲಿಕೆ ಇನ್ನೂ ಹತ್ತಿರ. ಕಾವ್ಯ ಓಲೆಯಲ್ಲಿದೆ, ಯಾವ ಪದದಲ್ಲಿ ನಿಲ್ಲಬೇಕು, ಯಾವುದನ್ನು ಹಾರಿಸಿಕೊಂಡು ಹೋಗಬೇಕು ಎಂಬುದು ಗಮಕಿಯ ಕೊರಳಲ್ಲಿದೆ. ಸಂಡೂರಿನ ಎಂ. ವೈ. ಘೋರ್ಪಡೆ, ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್, ಮೈಸೂರಿನ ಟಿ. ಎಸ್. ಸತ್ಯನ್ ಮೊದಲಾದವರ ಕಪ್ಪು-ಬಿಳುಪಿನ ಚಿತ್ರಗಳ ಮುಂದೆ ನಿಂತವರಿಗೆ ಈ ಮಾತು ಹೊಸದೆನಿಸದು.

ಇಲ್ಲಿಯವರೆಗಿನದು ಉತ್ಸಾಹದ ಕೆಲಸ. ಕೆಂಪು ಬೆಳಕಿನಡಿ ಬಿಳಿಯ ಕಾಗದದ ಮೇಲೆ ಮುಖವೊಂದು ಮೂಡಿಬರುವುದನ್ನು ಎಷ್ಟು ಸಲ ಕಂಡರೂ ಬೇಸರವಿಲ್ಲ. ಆದರೆ ಚಿತ್ರದ ಆಯುಷ್ಯ ನಿರ್ಧಾರವಾಗುವುದು ಇದಾದ ಮೇಲೆ. ಹೈಪೋ ಬೇಡದ ಲವಣವನ್ನು ಕರಗಿಸುತ್ತದೆ, ನಿಜ; ಹಾಗೆ ಕರಗಿಸಿದ ಹೈಪೋ ತಾನೂ ಚಿತ್ರದಲ್ಲಿ ಉಳಿಯಬಾರದು. ಅದರಲ್ಲಿ ಗಂಧಕವಿದೆ. ವರ್ಷಗಳು ಉರುಳಿದಂತೆ ಸೆಖೆಗೂ ತೇವಕ್ಕೂ ಅದು ಒಡೆದು, ಗಂಧಕ ಬೆಳ್ಳಿಯನ್ನು ಹಿಡಿಯುತ್ತದೆ. ಮನೆಯ ಬೆಳ್ಳಿಯ ದೀಪ ಕಂದುವುದೂ ಇದೇ ಗಂಧಕದ ಸಂಗದಿಂದ. ದೀಪವನ್ನಾದರೆ ತಿಕ್ಕಿ ಬೆಳಗಬಹುದು, ಚಿತ್ರವನ್ನು ತಿಕ್ಕುವಂತಿಲ್ಲ. ಹಳದಿ ಮೊದಲು ತೆಳುವಾದ ಬೂದಿಗಳನ್ನು ತಿನ್ನುತ್ತದೆ: ಕೆನ್ನೆಯ ನುಣುಪು, ಸೀರೆಯ ಮಡಿಕೆ, ನಗೆಯ ಅಂಚು. ಕಣ್ಣು, ಹುಬ್ಬು, ತಲೆಗೂದಲು ಮಾತ್ರ ಉಳಿಯುತ್ತವೆ. ನಮ್ಮ ಎಷ್ಟೋ ಮನೆಗಳ ಗೋಡೆಯ ಮೇಲೆ ಅಜ್ಜ ಅಜ್ಜಿಯರು ಹೀಗೆ ಮರೆಯಾಗುತ್ತಿದ್ದಾರೆ. ಕಾಲ ಅದಕ್ಕೆ ಕಾರಣವೆಂದು ನಾವು ನಿಟ್ಟುಸಿರು ಬಿಡುತ್ತೇವೆ. ಬಹುಮಟ್ಟಿಗೆ ಕಾರಣ ಅಂದು ತೊಳೆಯಲು ಸಾಲದೆ ಹೋದ ನೀರು. ಮದುವೆಯ ಕಾಲದ ಒತ್ತಡ, ನೀರಿನ ಬರ, ಒಂದೇ ಹೈಪೋವನ್ನು ದಣಿಯುವವರೆಗೆ ಬಳಸುವ ಮಿತವ್ಯಯ, ಇವು ಮೂರೂ ಸೇರಿದರೆ ಚೆಲುವಾದ ಚಿತ್ರಕ್ಕೂ ಅಲ್ಪಾಯುಷ್ಯ.

ನೀರು ಸಾಲದ ಊರಿನಲ್ಲಿ ತೊಳೆಯುವ ಬಗೆ ಹೇಗೆ? ಉತ್ತರ ಅಡಿಗೆಮನೆಯಲ್ಲೇ ಇದೆ. ಅಕ್ಕಿ ತೊಳೆಯುವ ಗೃಹಿಣಿ ಒಂದೇ ಸಲಕ್ಕೆ ಕೊಡ ನೀರು ಸುರಿಯುವುದಿಲ್ಲ. ಸ್ವಲ್ಪ ಸ್ವಲ್ಪವಾಗಿ ಮೂರು ಸಲ ತೊಳೆದು ಚೆಲ್ಲುತ್ತಾಳೆ. ಪ್ರತಿ ಸಲಕ್ಕೂ ಹತ್ತರಲ್ಲೊಂದು ಪಾಲು ಕೊಳೆ ಉಳಿಯುವುದೆಂದು ಇಟ್ಟುಕೊಂಡರೆ ಮೂರನೆಯ ಸಲಕ್ಕೆ ಉಳಿಯುವುದು ಸಾವಿರದಲ್ಲೊಂದು ಪಾಲು. ಅದೇ ನೀರನ್ನು ಒಟ್ಟಿಗೆ ಸುರಿದಿದ್ದರೆ ಸುಮಾರು ಮೂವತ್ತರಲ್ಲೊಂದು ಪಾಲು ಉಳಿಯುತ್ತಿತ್ತು. ಇಂಗ್ಲೆಂಡಿನ ಇಲ್‌ಫೋರ್ಡ್ ಕಂಪನಿ ಫಿಲಮ್ಮಿಗೆ ಹೇಳುವ ವಿಧಾನವೂ ಇದೇ: ಡಬ್ಬಿಗೆ ನೀರು ತುಂಬಿ ಐದು ಸಲ ತಲೆಕೆಳಗು ಮಾಡಿ ಚೆಲ್ಲುವುದು, ಮತ್ತೆ ತುಂಬಿ ಹತ್ತು ಸಲ, ಮತ್ತೆ ತುಂಬಿ ಇಪ್ಪತ್ತು ಸಲ. ಲೇಪವನ್ನು ಗಟ್ಟಿಮಾಡುವ ವಸ್ತು ಸೇರದ ಹೈಪೋ ಬಳಸಿದ್ದರೆ ಇಷ್ಟೇ ಸಾಕು. ಮೂವತ್ತೈದು ಮಿಲಿಮೀಟರ್ ಫಿಲಮ್ಮಿನ ಡಬ್ಬಿ ಹಿಡಿಯುವುದು ಸುಮಾರು 300 ಮಿಲಿಲೀಟರ್. ಎಂದರೆ ಒಂದು ರೀಲಿಗೆ ಒಂದು ತಂಬಿಗೆ ನೀರು!

ಕಾಗದದ ವಿಷಯ ಇಷ್ಟು ಸುಲಭವಲ್ಲ. ಪ್ಲಾಸ್ಟಿಕ್ ಹೊದಿಕೆಯ ಕಾಗದ ಕೆಲವೇ ನಿಮಿಷಗಳಲ್ಲಿ ಶುದ್ಧವಾಗುತ್ತದೆ. ಸಾದಾ ಬ್ರೋಮೈಡ್ ಕಾಗದವಾದರೋ ಹೈಪೋವನ್ನು ತನ್ನ ನಾರಿನೊಳಗೆ ಹೀರಿಕೊಂಡಿರುತ್ತದೆ. ಹರಿಯುವ ನೀರಿನಲ್ಲಿ ಅದಕ್ಕೆ ಒಂದು ಗಂಟೆ ಬೇಕು. ಲೀಟರ್ ನೀರಿಗೆ 20 ಗ್ರಾಂ ಸೋಡಿಯಂ ಸಲ್ಫೈಟ್ ಕರಗಿಸಿ, ಮೊದಲ ತೊಳೆತದ ಬಳಿಕ ಚಿತ್ರವನ್ನು ಅದರಲ್ಲಿ ಹತ್ತು ನಿಮಿಷ ಆಡಿಸಿದರೆ, ಮುಂದಿನ ತೊಳೆತ ಇಪ್ಪತ್ತು ನಿಮಿಷಕ್ಕೆ ಇಳಿಯುತ್ತದೆ. ನಲ್ಲಿ ಇಲ್ಲದವರು ಬೋಗುಣಿಗಳ ಸಾಲಿಟ್ಟು ಚಿತ್ರವನ್ನು ಒಂದರಿಂದೊಂದಕ್ಕೆ ದಾಟಿಸಬಹುದು. ಕೊನೆಯ ಬೋಗುಣಿಯ ನೀರು ಮುಂದಿನ ಚಿತ್ರದ ಮೊದಲ ಬೋಗುಣಿಗೆ ಸಲ್ಲುತ್ತದೆ. ಹೈಪೋ ದಣಿದಿದೆಯೇ ಎಂದು ತಿಳಿಯಲು ಫಿಲಮ್ಮಿನ ತುದಿಯ ಚೂರನ್ನು ಅದರಲ್ಲಿ ಅದ್ದಿ, ಅದು ತಿಳಿಯಾಗಲು ಹಿಡಿದ ಹೊತ್ತನ್ನು ಗಮನಿಸಬೇಕು. ಹೊಸದರಲ್ಲಿ ಹಿಡಿದದ್ದಕ್ಕೆ ಎರಡರಷ್ಟಾದರೆ ಅದರ ಕಾಲ ಮುಗಿಯಿತು.

ಕೊಳವೆಬಾವಿಯ ಗಡಸು ನೀರಿನ ಹನಿ ಫಿಲಮ್ಮಿನ ಮೇಲೆ ಆರಿದರೆ ಸುಣ್ಣದ ಬೊಟ್ಟು ನಿಲ್ಲುತ್ತದೆ. ಕೊನೆಯ ಒಂದು ಮುಳುಗಿಗಾದರೂ ಸೋಸಿದ ಮಳೆನೀರನ್ನು ಕೂಡಿಟ್ಟುಕೊಂಡಿರುವುದು ಜಾಣತನ. ಬಳಸಿದ ಹೈಪೋವನ್ನು ಮೋರಿಗೆ ಸುರಿಯುವುದೂ ಸಲ್ಲದು. ಅದರಲ್ಲಿ ಕರಗಿದ ಬೆಳ್ಳಿ ನೀರಿನ ಜೀವಿಗಳಿಗೆ ವಿಷ. ಮಂಚನಬೆಲೆಯಲ್ಲಿ ನಿಂತು, ರಾಮನಗರ ಕನಕಪುರಗಳನ್ನು ಹಾದು, ಸಂಗಮದಲ್ಲಿ ಕಾವೇರಿಯನ್ನು ಕೂಡುವ ಅರ್ಕಾವತಿಗೆ ಈಗಾಗಲೇ ಹೊರೆ ಸಾಕಷ್ಟಿದೆ. ಹಳೆಯ ಹೈಪೋವಿನಲ್ಲಿ ಉಕ್ಕಿನ ನಾರನ್ನು ಮುಳುಗಿಸಿ ಕೆಲವು ದಿನ ಬಿಟ್ಟರೆ ಕಬ್ಬಿಣ ಕರಗಿ, ಬೆಳ್ಳಿ ಕೆಸರಾಗಿ ತಳಕ್ಕೆ ಕೂರುತ್ತದೆ. ಆ ಕೆಸರನ್ನು ಒಣಗಿಸಿ ಬೇರೆಯಾಗಿ ತೆಗೆದಿಡಬೇಕು.

ಇಷ್ಟೆಲ್ಲ ಶ್ರಮ ಏಕೆಂದು ಕೇಳಬಹುದು. ಉದಕಮಂಡಲದಲ್ಲಿ 'ಇಂದು' ಹೆಸರಿನ ಫಿಲಂ ಕಾಗದಗಳನ್ನು ತಯಾರಿಸುತ್ತಿದ್ದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಮುಚ್ಚಿಹೋಗಿದೆ. ಇಂದು ಫಿಲಂ ಹೊರದೇಶದಿಂದ ಬರಬೇಕು, ಬೆಲೆಯೂ ಹೆಚ್ಚು. ಜೇಬಿನ ಫೋನಿನಲ್ಲಿ ಸಾವಿರ ಚಿತ್ರಗಳಿವೆ. ಇರಲಿ. ಆದರೆ ಬೆಳ್ಳಿಯ ಚಿತ್ರಕ್ಕಿರುವ ಒಂದು ಗುಣವನ್ನು ನೆನೆಯಬೇಕು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಮೇಣ ಹಚ್ಚಿದ ಕಾಗದದ ದೊಡ್ಡ ನೆಗೆಟಿವುಗಳಲ್ಲಿ ಹಂಪೆಯನ್ನು ಸೆರೆಹಿಡಿದನು. ನೂರಿಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಕಳೆದ ಮೇಲೆ, 1980ರ ದಶಕದಲ್ಲಿ, ಆ ನೆಗೆಟಿವುಗಳಿಂದ ಮತ್ತೆ ಚಿತ್ರ ಮುದ್ರಿಸುವುದು ಸಾಧ್ಯವಾಯಿತು. ಅವನು ನಿಂತ ಜಾಗಗಳಲ್ಲೇ ನಿಂತು ಅಂದಿನ ಹಂಪೆಯನ್ನೂ ಇಂದಿನ ಹಂಪೆಯನ್ನೂ ಹೋಲಿಸಿ ನೋಡುವುದೂ ಸಾಧ್ಯವಾಯಿತು. ಅಂದು ಆ ಕಾಗದಗಳನ್ನು ತೊಳೆದ ಕೈ ಅವಸರಪಟ್ಟಿದ್ದರೆ ನಮಗೆ ಉಳಿಯುತ್ತಿದ್ದುದು ಹಳದಿಯ ಕಲೆಗಳು ಮಾತ್ರ.

ನಮ್ಮ ನಾಲ್ಕು ಊರುಗಳಿಗೂ ಅಂಥ ಸಾಕ್ಷಿ ಬೇಕಾಗಿದೆ. 1975ರಲ್ಲಿ ತೆರೆಕಂಡ 'ಷೋಲೆ'ಗಾಗಿ ರಾಮನಗರದ ಬಂಡೆಗಳ ನಡುವೆ ಕಟ್ಟಿದ ಹಳ್ಳಿ ಇಂದು ಫಿಲಮ್ಮಿನಲ್ಲಿ ಮಾತ್ರ ಇದೆ. ಅದು ಹೇಗೂ ಬಣ್ಣ ಹಚ್ಚಿದ ಹಳ್ಳಿ. ಕಲ್ಲುಗಣಿಗೆ ಸಿಕ್ಕಿ ಆಕಾರ ಕಳೆದುಕೊಂಡ ನಿಜವಾದ ಗುಡ್ಡಗಳು, ಹೆಂಚಿನ ಮನೆಗಳ ಬೀದಿಗಳು, ಕೈಯಿಂದ ನಡೆಯುತ್ತಿದ್ದ ಬೊಂಬೆಯ ಚರಕಿಗಳು, ಇವುಗಳ ಗುರುತು ಎಲ್ಲಿದೆ? ಎಲ್ಲೋ ಒಂದು ಮನೆಯ ಅಟ್ಟದ ಮೇಲಿನ ತಗಡಿನ ಪೆಟ್ಟಿಗೆಯಲ್ಲಿ, ಮುಚ್ಚಿಹೋದ ಸ್ಟುಡಿಯೋವೊಂದರ ನೆಗೆಟಿವುಗಳ ಕಟ್ಟಿನಲ್ಲಿ ಇರಬಹುದು. ಅಂಥ ಕಟ್ಟು ಕೈಗೆ ಸಿಕ್ಕಿದರೆ ಅದನ್ನು ರದ್ದಿಗೆ ಹಾಕದಿರೋಣ. ಅಂಟಿಕೊಂಡವನ್ನು ಎಳೆದು ಬಿಡಿಸದೆ, ಬೇರೆಯಾದವನ್ನು ಒಂದೊಂದಾಗಿ ಕಾಗದದ ಲಕೋಟೆಗಳಲ್ಲಿ ಇಟ್ಟು, ಯಾರು, ಎಲ್ಲಿ, ಯಾವ ವರ್ಷ ಎಂಬುದನ್ನು ಬಲ್ಲ ಹಿರಿಯರು ಇರುವಾಗಲೇ ಕೇಳಿ ಲಕೋಟೆಯ ಮೇಲೆ ಬರೆಯೋಣ. ಅವುಗಳಲ್ಲಿ ಒಂದನ್ನಾದರೂ ಆರಿಸಿಕೊಂಡು, ಮುಂದಿನ ಮಳೆಗಾಲದಲ್ಲಿ ಎರಡು ಕೊಡ ಸೂರುನೀರು ಹಿಡಿದಿಟ್ಟು, ಹೊಸದಾಗಿ ಮುದ್ರಿಸಿ, ಅವಸರವಿಲ್ಲದೆ ತೊಳೆದು, ನೆರಳಿನಲ್ಲಿ ಆರಹಾಕೋಣ.